ಬೆಂಕಿ ಅಂದ್ರೆ ಬೈಗುಳಾನಾ? ಆನ್‌ಲೈನ್ ಕನ್ನಡದ ಪದಗಳ ಅರ್ಥ ಹಿಡಿಯೋದು ಹೇಗೆ

ಹೋದ ವರ್ಷ ಗೌರಿ ಹಬ್ಬದ ದಿನ ಅಮ್ಮ ಹೊಸ ಸೀರೆ ಉಟ್ಕೊಂಡು ಮೊರದ ಬಾಗಿನ ಹಿಡ್ಕೊಂಡು ನಿಂತಿದ್ದ ಫೋಟೋನ ಫ್ಯಾಮಿಲಿ ಗ್ರೂಪಲ್ಲಿ ಹಾಕ್ದೆ, ಅಕ್ಕನ ಮಗಳು ಅದರ ಕೆಳಗೆ ‘ಅಜ್ಜಿ ಬೆಂಕಿ’ ಅಂತ ಬರೆದ್ಲು, ಅಷ್ಟೇ. ರಾತ್ರಿ ಒಂಬತ್ತೂವರೆಗೆ ಅಮ್ಮನ ಫೋನು. ‘ಹಬ್ಬದ ದಿನ ಮಗು ಯಾಕಪ್ಪಾ ಹಂಗ್ ಬರೀತು, ನಾನೇನ್ ಅಂದೆ ಅದಕ್ಕೆ’ ಅಂತ ಕೇಳ್ತಿದಾಳೆ, ದನಿ ಸಣ್ಣಗಾಗಿದೆ. ನಮ್ಮ ಅರಸೀಕೆರೆ ಕಡೆ ‘ನಿನ್ ಮನೆಗ್ ಬೆಂಕಿ ಬೀಳ’ ಅನ್ನೋದು ಶಾಪ, ಜಗಳ ತುಂಬಾ ಮೇಲಕ್ಕೆ ಹೋದಾಗ ಮಾತ್ರ ಬಾಯಿಗೆ ಬರೋ ಮಾತು, ಅದನ್ನ ಮೊಮ್ಮಗಳ ಕೈಯಿಂದ ಓದಿದ್ರೆ ಹೆಂಗಾಗ್ಬೇಡ. ‘ಇಲ್ಲಮ್ಮಾ, ಅದು ಈಗ ಒಳ್ಳೇ ಮಾತು’ ಅಂದೆ. ನಂಬ್ಲಿಲ್ಲ, ಸಮಾಧಾನಕ್ಕೆ ಹೇಳ್ತಿದೀನಿ ಅಂದ್ಕೊಂಡ್ಲು.

ಆ ರಾತ್ರಿಯಿಂದ ನಾನು ಇದನ್ನ ಸ್ವಲ್ಪ ಸೀರಿಯಸ್ಸಾಗಿ ತಗೊಂಡಿದೀನಿ. ಗೊತ್ತಿಲ್ಲದ ಪದ ಬಂದಾಗ ಅದರ ಅರ್ಥ ಹಿಡಿಯೋದು ಹೇಗೆ, ದೊಡ್ಡೋರಿಗೆ ತಿಳಿಸಿ ಹೇಳೋದು ಹೇಗೆ, ನಾವು ಬಳಸೋವಾಗ ಎಲ್ಲಿ ನಿಲ್ಲಿಸ್ಬೇಕು, ಇಷ್ಟು ನನಗೆ ಕೆಲಸಕ್ಕೆ ಬಂದ ರೀತೀಲಿ ಇಲ್ಲಿ ಬರೀತಿದೀನಿ. ಅಪ್ಪ ಅಮ್ಮಂದಿರಿಗೂ ಆಗತ್ತೆ, ಮಕ್ಕಳಿಗೂ ಆಗತ್ತೆ.

ಮೊದಲ್ನೇದು, ಇದೊಂದು ಹಿಡಿದ್ರೆ ಅರ್ಧ ಕೆಲಸ ಮುಗೀತು: ಪದ ಒಂದನ್ನೇ ನೋಡ್ಬೇಡಿ, ಅದರ ಪಕ್ಕದಲ್ಲಿರೋ ಕ್ರಿಯಾಪದ ನೋಡಿ. ಕನ್ನಡದ ಸ್ಲ್ಯಾಂಗ್ ಬಹುಪಾಲು ಕ್ರಿಯಾಪದದ ಮೇಲೆ ನಿಂತಿರತ್ತೆ. ‘ಬಿಡೋದು’ ತಗೊಳ್ಳಿ. ಓಳು ಬಿಡೋದು, ಬುರುಡೆ ಬಿಡೋದು, ಬೊಗಳೆ ಬಿಡೋದು, ರೀಲ್ ಬಿಡೋದು, ಎಲ್ಲಾ ಸುಳ್ಳು ಹೇಳೋದೇ. ನಾಳೆ ಯಾವನೋ ನಿಮಗೆ ಗೊತ್ತೇ ಇಲ್ಲದ ಹೊಸ ಪದ ತಂದು ಅದರ ಮುಂದೆ ‘ಬಿಡ್ಬೇಡ’ ಅಂದ್ರೆ, ನೀನು ಸುಳ್ಳು ಹೇಳ್ತಿದೀಯ ಅಂತಾನೇ ಹೇಳ್ತಿರೋ ಚಾನ್ಸ್ ಜಾಸ್ತಿ. ‘ಇಡೋದು’ ಬಂದ್ರೆ ಯಾರಿಗೋ ತೊಂದರೆ ಕಾದಿದೆ ಅಂತ, ಬತ್ತಿ ಇಡೋದು, ಫಿಟ್ಟಿಂಗ್ ಇಡೋದು, ಕಿವಿಗೆ ಹೂವ ಇಡೋದು. ‘ಹಾಕೋದು’ ಬಂದ್ರೆ ಬಹಳ ಸಲ ಮೋಸ, ನಾಮ ಹಾಕೋದು, ಟೋಪಿ ಹಾಕೋದು, ಆದ್ರೆ ‘ಕಾಳು ಹಾಕೋದು’ ಮಾತ್ರ ಹುಡುಗ ಹುಡುಗೀನ ಒಲಿಸ್ಕೊಳ್ಳೋಕೆ ನೋಡೋದು, ಅದು ಕೋಳಿಗೆ ಕಾಳು ಹಾಕೋ ಅಂಗಳದಿಂದ ಬಂದ ಚಿತ್ರ. ‘ಹೊಡಿಯೋದು’ ಅಂದ್ರೆ ಅಲ್ಲಿ ಪೆಟ್ಟೇ ಇರ್ಬೇಕಂತಿಲ್ಲ, ನಿದ್ದೆ ಹೊಡಿಯೋದು, ರೌಂಡ್ ಹೊಡಿಯೋದು, ಡೈಲಾಗ್ ಹೊಡಿಯೋದು, ಮನಸಾರೆ ಮಾಡೋ ಕೆಲಸ. ಇನ್ನು ಬಕೆಟ್. ಬಕೆಟ್ ತುಂಬ್ಸು ಅಂದ್ರೆ ನೀರಿನ ವಿಷಯ, ಬಕೆಟ್ ಹಿಡೀತಾನೆ ಅಂದ್ರೆ ಮೇಲಿನೋರನ್ನ ಓಲೈಸ್ತಾನೆ ಅಂತ.

ಈಗ ಬೆಂಕಿಗೆ ಇದನ್ನೇ ಹಚ್ಚಿ ನೋಡಿ. ಬೆಂಕಿ ಬೀಳ ಅಂದ್ರೆ ಶಾಪ. ಬೆಂಕಿ ಹಚ್ಚಿದ ಅಂದ್ರೆ ಇಬ್ಬರ ಮಧ್ಯೆ ಜಗಳ ತಂದಿಟ್ಟ. ಕ್ರಿಯಾಪದಾನೇ ಇಲ್ದೆ ‘ಸಾಂಗ್ ಬೆಂಕಿ’, ‘ಬೆಂಕಿ ಬೌಲಿಂಗ್’, ‘ಅಜ್ಜಿ ಬೆಂಕಿ’ ಅಂತ ಬಂದ್ರೆ ಹೊಗಳಿಕೆ. ನಮ್ಮಮ್ಮ ಮಾಡಿದ್ದೇನು ಅಂದ್ರೆ ಅಲ್ಲಿ ಇಲ್ಲದ ‘ಬೀಳ’ ಅನ್ನೋದನ್ನ ತಾನೇ ಸೇರಿಸ್ಕೊಂಡು ಓದಿದ್ಲು, ಯಾಕಂದ್ರೆ ಅವಳ ಕಿವಿಗೆ ಎಪ್ಪತ್ತು ವರ್ಷದಿಂದ ಆ ಎರಡು ಒಟ್ಟಿಗೇ ಬಂದಿವೆ. ಚಿಂದಿ ಅನ್ನೋದೂ ಹಂಗೇ, ಬಟ್ಟೆ ಚಿಂದಿ ಆಯ್ತು ಅಂದ್ರೆ ಹರಿದೋಯ್ತು, ‘ಆಕ್ಟಿಂಗ್ ಚಿಂದಿ’ ಅಂದ್ರೆ ಅದ್ಭುತ.

ಪದದ ಅರ್ಥ ಈಗಿನ ಹುಡುಗರು ಬಂದ್ಮೇಲೆ ಕೆಟ್ಟೋಯ್ತು ಅನ್ನೋರಿಗೆ ನಾನು ಎಣ್ಣೆ ಕಥೆ ಹೇಳ್ತೀನಿ. ಎಳ್ಳಿಂದ ತೆಗೆದ ನೆಯ್, ಅಂದ್ರೆ ಎಳ್ಳಿನ ಜಿಡ್ಡು, ಅದೇ ಎಣ್ಣೆ. ಹಂಗಾದ್ರೆ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಅನ್ನೋದೇ ಹುಟ್ಟಿನ ಅರ್ಥದ ಪ್ರಕಾರ ತಪ್ಪು, ಎಳ್ಳೆಣ್ಣೆ ಅನ್ನೋದಂತೂ ಎಳ್ಳನ್ನ ಎರಡು ಸಲ ಹೇಳ್ದಂಗೆ. ಯಾರಾದ್ರೂ ಅದಕ್ಕೆ ಜಗಳ ಆಡಿದ್ದು ನೋಡಿದೀರಾ? ಎಳ್ಳಿಂದ ಹೊರಗೆ ಬಂದು ಎಲ್ಲಾ ಕಾಳಿನ ಎಣ್ಣೆ ಆಯ್ತು, ಆಮೇಲೆ ‘ಹೊಡಿಯೋದು’, ‘ಹಾಕೋದು’ ಪಕ್ಕಕ್ಕೆ ಬಂದು ಬಾರ್‌ಗೂ ಹೋಯ್ತು, ಅಲ್ಲಿ ಎಣ್ಣೆ ಅಂದ್ರೆ ಹೆಂಡ. ಅಮ್ಮ ದೀಪಾವಳಿ ಹಿಂದಿನ ದಿನ ಗ್ರೂಪಲ್ಲಿ ‘ಎಲ್ಲಾರೂ ಬೆಳಿಗ್ಗೆ ಬೇಗ ಎದ್ದು ಎಣ್ಣೆ ಹಾಕ್ಕೊಳಿ’ ಅಂತ ಬರೆದಾಗ ಹುಡುಗ್ರು ನಕ್ಕಿದ್ದು ಅದಕ್ಕೇ. ಕೂಳು ಅನ್ನೋದು ಹಳಗನ್ನಡದಲ್ಲಿ ಊಟ, ಅನ್ನ, ಅದರಲ್ಲಿ ಕೀಳು ಅನ್ನೋದು ಏನೂ ಇರ್ಲಿಲ್ಲ, ಈಗ ‘ದಂಡಕ್ಕೆ ಕೂಳು ತಿಂತಾನೆ’ ಅಂತ ಬೈಗುಳಕ್ಕೆ ಮಾತ್ರ ಉಳ್ಕೊಂಡಿದೆ. ಬಿಟ್ಟಿ ಅನ್ನೋದು ಸಂಸ್ಕೃತದ ವಿಷ್ಟಿಯ ತದ್ಭವ, ಕೂಲಿ ಕೊಡದೆ ಬಲವಂತವಾಗಿ ಮಾಡಿಸ್ಕೊಳ್ತಿದ್ದ ದುಡಿಮೆ, ಬಿಟ್ಟಿ ಚಾಕರಿ ಅನ್ನೋ ಮಾತಲ್ಲಿ ಇನ್ನೂ ಆ ನೋವಿದೆ, ಈಗ ಅದೇ ಪದಾನ ಪುಕ್ಸಟ್ಟೆ ತಗೊಳ್ಳೋರನ್ನ ಹಂಗಿಸೋಕೆ ಬಳಸ್ತಾರೆ. ದುಡಿದೋನ ಪದ ತಿರುಗಿ ದುಡೀದೋನ ಮೇಲೆ ಬಿತ್ತು, ಇದು ನನಗೆ ನಿಜವಾಗ್ಲೂ ಬೇಜಾರಾಗೋ ಬದಲಾವಣೆ.

ದೇವರ ಮನೆ ಪದಗಳು ನಮ್ಮಲ್ಲಿ ಮುಂಚಿಂದ್ಲೂ ಬೀದಿಗೆ ಬಂದಿವೆ, ಇಂಟರ್ನೆಟ್‌ಗಿಂತ ಎಷ್ಟೋ ಮುಂಚೆ. ಮೇಷ್ಟ್ರು ಮಂಗಳಾರತಿ ಎತ್ತಿದ್ರು ಅಂದ್ರೆ ಬೈದ್ರು. ಸಹಸ್ರನಾಮ ಆಯ್ತು ಅಂದ್ರೆ ಚೆನ್ನಾಗಿ ಬೈದ್ರು. ದುಡ್ಡು ಗೋವಿಂದ, ಕೊಟ್ಟ ಸಾಲಕ್ಕೆ ಎಳ್ಳುನೀರು, ಪಂಗನಾಮ, ತೀರ್ಥ, ಬೆನ್ನಿಗೆ ಕಜ್ಜಾಯ. ಇದನ್ನೆಲ್ಲಾ ಆರಾಮಾಗಿ ಹೇಳ್ಕೊಂಡು ಬಂದ ನಮ್ಮ ಹಿರಿಯರಿಗೆ ಸ್ಲ್ಯಾಂಗ್ ಹೊಸದೇನಲ್ಲ.

ಎರಡು ಬೇರೆ ಪದ ಒಂದೇ ವೇಷದಲ್ಲಿ ಬರೋದೂ ಇದೆ. ಸೀನ್ ನೋಡಿ. ‘ಅವನಿಗೆ ಅಷ್ಟೆಲ್ಲಾ ಸೀನ್ ಇಲ್ಲ’, ‘ಸುಮ್ನೆ ಸೀನ್ ಕ್ರಿಯೇಟ್ ಮಾಡ್ಬೇಡ’, ಇವೆರಡೂ ಸಿನಿಮಾದ ಸೀನ್. ‘ಸೀನ್ ಮಾಡಿ ರಿಪ್ಲೈ ಮಾಡ್ಲಿಲ್ಲ’ ಅಂದ್ರೆ ಅದು ನೋಡಿದ ಅನ್ನೋ ಸೀನ್, ವಾಟ್ಸಾಪ್‌ನೋರು 2014ರ ನವೆಂಬರಲ್ಲಿ ನೀಲಿ ಟಿಕ್ ತಂದ್ಮೇಲೆ ಆ ನೋವು ಎಲ್ಲಾ ಮನೇಲೂ ಶುರುವಾಗಿದೆ. ಇಂಗ್ಲಿಷಲ್ಲಿ ಸ್ಪೆಲಿಂಗ್ ಬೇರೆ, ಕನ್ನಡಕ್ಕೆ ಬಂದ್ಮೇಲೆ ಒಂದೇ, ಜೊತೆಗೆ ನೆಗಡಿ ಸೀನು ಬೇರೆ, ಶ್ರೀನಿವಾಸನ್ನ ಕರಿಯೋ ಸೀನ ಬೇರೆ. ರೀಲ್ ಇನ್ನೂ ಚೆನ್ನಾಗಿದೆ. ‘ರೀಲ್ ಬಿಡ್ತಾನೆ’ ಅಂದ್ರೆ ಸುಳ್ಳು ಸುತ್ತುತಾನೆ ಅಂತ ನಾವು ಸ್ಕೂಲಲ್ಲಿದ್ದಾಗಿಂದ್ಲೂ ಕೇಳಿದ್ದು, 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬ್ಯಾನ್ ಆಯ್ತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಇಂಡಿಯಾಗೆ ಬಂತು, ಅಲ್ಲಿಂದಾಚೆಗೆ ‘ಅವಳು ರೀಲ್ಸ್ ಮಾಡ್ತಾಳೆ’ ಅನ್ನೋದು ಮನೆಮಾತು. ಇಲ್ಲೂ ಕ್ರಿಯಾಪದಾನೇ ಕಾಪಾಡತ್ತೆ, ಬಿಡೋದಾದ್ರೆ ಸುಳ್ಳು, ಮಾಡೋದಾದ್ರೆ ವಿಡಿಯೋ. ಆದ್ರೆ ‘ಹೊಸ ರೀಲ್ ಬಿಟ್ಟಿದೀನಿ ನೋಡಿ’ ಅನ್ನೋರೂ ಈಗ ಇದಾರೆ, ಅಲ್ಲಿ ನನ್ನ ರೂಲ್ ನಡಿಯಲ್ಲ, ಸಿನಿಮಾದೋರು ಟೀಸರ್ ಬಿಟ್ರು, ಟ್ರೈಲರ್ ಬಿಟ್ರು ಅಂತಾರಲ್ಲ ಆ ಬಿಡೋದು ಬಂದು ಸೇರ್ಕೊಂಡಿದೆ.

ಎರಡ್ನೇ ಹೆಜ್ಜೆ, ಯಾರು ಯಾರಿಗೆ ಹೇಳ್ತಿದಾರೆ ನೋಡಿ. ಗುರು ಅಂದ್ರೆ ಪಾಠ ಹೇಳೋರು, ಈಗ ಬೆಂಗಳೂರಲ್ಲಿ ಆಟೋ ಸ್ಟ್ಯಾಂಡಿಂದ ಆಫೀಸ್ ಕ್ಯಾಂಟೀನ್ ತನಕ ‘ಏನ್ ಗುರು’. ವಿಚಿತ್ರ ಅಂದ್ರೆ ಅದರ ಜೋಡಿ ಶಿಷ್ಯಾನೂ ಅದೇ ಅರ್ಥಕ್ಕೆ ಬಂದು ಕೂತಿದೆ, ‘ಏನ್ ಸಿಸ್ಯಾ’ ಅಂದ್ರೂ ಗೆಳೆಯಾನೇ. ಮಗಾ ಅನ್ನೋದು ಹೆತ್ತೋರು ಕರಿಯೋ ಪದ, ಈಗ ಕಾಲೇಜಲ್ಲಿ ಹುಡುಗೀರೂ ಹುಡುಗೀರಿಗೆ ಮಗಾ ಅಂತಾರೆ. ಮಚ್ಚಾ ತಮಿಳಿನ ಮಚ್ಚಾನ್, ಭಾವಮೈದುನ ಅಂತ, ಇಲ್ಲಿ ಯಾವ ನೆಂಟಸ್ತನಾನೂ ಬೇಡ. ಮಾರಾಯ ಅನ್ನೋದು ಮಹಾರಾಯನೇ ಸವೆದು ಆಗಿದ್ದು, ಕರಾವಳೀಲಿ ಅದು ಬರೀ ಕರೆಯೋ ಪದ ಅಲ್ಲ, ಸುಸ್ತು, ಬೇಸರ, ಪ್ರೀತಿ ಎಲ್ಲಾ ಅದರಲ್ಲೇ ಹೊರಗೆ ಬರತ್ತೆ. ದೇವ್ರು ಅನ್ನೋದು ನನಗೆ ಎಲ್ಲಕ್ಕಿಂತ ಇಷ್ಟ. ಡಾ. ರಾಜ್‌ಕುಮಾರ್ ತಮ್ಮ ಮುಂದೆ ಕೂತ ಜನಾನ ‘ಅಭಿಮಾನಿ ದೇವರುಗಳೇ’ ಅಂತ ಕರೀತಿದ್ರು, ಈಗ ಅಂಗಡೀಲಿ ಚಿಲ್ಲರೆ ಕೊಡೋ ಹುಡುಗ ಕೂಡ ‘ತಗೊಳ್ಳಿ ದೇವ್ರು’ ಅಂತಾನೆ, ಆ ಮಾತಲ್ಲಿ ಎದುರಿಗಿರೋನ ಬಗ್ಗೆ ಒಂದು ಗೌರವ ಇನ್ನೂ ಉಳ್ಕೊಂಡಿದೆ.

ಬಳಸೋವಾಗ ನಾನು ನೋಡೋದು ಇಷ್ಟೇ: ಎದುರಿಗಿರೋರು ತಿರುಗಿ ಅದೇ ಪದದಲ್ಲಿ ನನ್ನ ಕರಿಯೋ ಸಲುಗೆ ಇದ್ಯಾ? ಮ್ಯಾನೇಜರ್‌ಗೆ ನೀವು ‘ಬಿಡು ಗುರು’ ಅನ್ನೋ ಹಂಗಿಲ್ಲ ಅಂದ್ರೆ ಅವರೂ ನಿಮಗೆ ಅನ್ನೋದು ಅಷ್ಟು ಸರಿ ಹೋಗಲ್ಲ. ‘ಲೇ’ ಬಗ್ಗೆ ಅಂತೂ ತುಂಬಾ ಹುಷಾರು. ನಮ್ಮ ಹಳೇ ಮೈಸೂರು ಕಡೆ ಗಂಡಸಿಗೆ ಲೋ, ಹೆಂಗಸಿಗೆ ಲೇ, ಅದರಲ್ಲೂ ಗಂಡಸಿಗೆ ಲೇ ಅಂದ್ರೆ ಕೈ ಮೇಲೆ ಏಳತ್ತೆ, ಆದ್ರೆ ಹುಬ್ಬಳ್ಳಿ ಧಾರವಾಡದಲ್ಲಿ ‘ಯಾಕಲೇ ದೋಸ್ತ’ ಅನ್ನೋದು ಹೆಗಲ ಮೇಲೆ ಕೈ ಹಾಕ್ದಂಗೆ. ಎರಡೂ ಕಡೆಯ ಹುಡುಗ್ರು ಇರೋ ಗ್ರೂಪಲ್ಲಿ ಇದಕ್ಕೇ ಮುನಿಸ್ಕೊಂಡು ಹೊರಗೆ ಹೋದೋರನ್ನ ನಾನು ನೋಡಿದೀನಿ.

ಅಂದ್ರೆ ಮೂರನೇದು ಊರು. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ‘ಕನ್ನಡಂಗಳ್’ ಅಂತ ಬಹುವಚನದಲ್ಲಿ ಹೇಳಿ, ದೇಸಿ ಒಂದೊಂದು ಕಡೆ ಒಂದೊಂದು ತರ ಇರೋದ್ರಿಂದ ಇದನ್ನೆಲ್ಲಾ ತಿಳ್ಕೊಳೋಕೆ ಹೋದ್ರೆ ಹಾವುಗಳ ರಾಜ ವಾಸುಕಿಗೂ ಬೇಸರ ಬರತ್ತೆ ಅಂದಿದಾರೆ. ಕುಂದಾಪುರ ಮಂಗಳೂರು ಕಡೆ ‘ಲಾಯ್ಕ್’ ಅಂದ್ರೆ ಚೆನ್ನಾಗಿದೆ, ಅದರ ಬೇರು ಲಾಯಕ್ಕು, ಯೋಗ್ಯ ಅಂತ, ಕಲಬುರಗಿ ಕಡೆ ಅದೇ ಮನೆತನದ ‘ನಾಲಾಯಕ್’ ಬೈಗುಳ. ಉತ್ತರ ಕರ್ನಾಟಕದೋರು ‘ಭಯಂಕರ ಚಲೋ ಐತಿ’ ಅಂದ್ರೆ ಹೆದರ್ಕೋಬೇಡಿ, ಬಹಳ ಚೆನ್ನಾಗಿದೆ ಅಂತ. ಬೇಜಾನ್ ಅಂದ್ರೆ ಹಿಂದಿ ಉರ್ದೂ ಮಾತಾಡೋರಿಗೆ ಜೀವ ಇಲ್ಲದ್ದು, ಬೆಂಗಳೂರಲ್ಲಿ ಸಿಕ್ಕಾಪಟ್ಟೆ, ಹಾಗಾಗಿ ‘ಬೇಜಾನ್ ಜನ ಬಂದಿದ್ರು’ ಅಂದಾಗ ಲಕ್ನೋದಿಂದ ಬಂದ ನನ್ನ ಸಹೋದ್ಯೋಗಿ ಮುಖ ನೋಡೋಹಂಗಿತ್ತು. ಸಖತ್ ಅಂದ್ರೆ ಮೂಲದಲ್ಲಿ ಗಟ್ಟಿ, ಕಠಿಣ. ಮಸ್ತ್ ಅಂದ್ರೆ ಅಮಲೇರಿದ್ದು. ಖತರ್ನಾಕ್ ಅಂದ್ರೆ ಅಪಾಯದ್ದು. ಮೂರೂ ನಮ್ಮಲ್ಲಿ ಬಂದು ಹೊಗಳಿಕೆ ಆಗಿವೆ, ಬೆಂಕಿ ಅದೇ ಸಾಲಲ್ಲಿ ಈಗ ನಾಲ್ಕನೇದಾಗಿ ನಿಂತಿದೆ ಅಷ್ಟೇ.

ಈಗ ಮುಖ್ಯ ವಿಷಯ, ದೊಡ್ಡೋರಿಗೆ ಹೇಳೋದು ಹೆಂಗೆ. ‘ನಿಮ್ಮ ಕಾಲ ಬೇರೆ’ ಅನ್ನೋದು ಬೇಡ, ಅದು ಬಾಗಿಲು ಹಾಕ್ದಂಗೆ. ಅವರ ಬಾಯಲ್ಲೇ ಇರೋ ಉದಾಹರಣೆ ಹುಡುಕಿ. ನಾನು ಮಾರನೇ ದಿನ ಅಮ್ಮಂಗೆ ಫೋನ್ ಮಾಡಿ ಕೇಳ್ದೆ, ‘ಅಮ್ಮ, ನೀನು ರಾತ್ರಿ ದೀಪ ಆರ್ಸು ಅಂತೀಯಾ?’ ‘ಬಿಡ್ತು ಅನ್ನು, ದೀಪ ದೊಡ್ಡದು ಮಾಡು ಅಂತೀನಿ’ ಅಂದ್ಲು. ‘ಅಕ್ಕಿ ಖಾಲಿ ಆದ್ರೆ?’ ‘ಅಕ್ಕಿ ಹೆಚ್ಚಿದೆ ಅಂತೀವಿ.’ ‘ಬಳೆ ಒಡೆದ್ರೆ?’ ‘ಬಳೆ ಹೆಚ್ಚಾಯ್ತು.’ ಮನೆಯಿಂದ ಹೊರಡೋವಾಗ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ಹಾವು ಕಚ್ಚಿದ್ರೆ ಹುಳ ಮುಟ್ತು ಅಂತೀವಿ. ಪೂರ್ತಿ ಉಲ್ಟಾ ಹೇಳಿ ಸರಿಯಾದ ಅರ್ಥ ದಾಟಿಸೋದ್ರಲ್ಲಿ ನಮ್ಮಜ್ಜಿ ಅಮ್ಮಂದಿರಷ್ಟು ಪಳಗಿದೋರು ಯಾರಿದಾರೆ. ಅವರು ಕೆಟ್ಟದ್ದನ್ನ ಒಳ್ಳೇ ಪದದಲ್ಲಿ ಮುಚ್ಚಿದ್ರು, ಮೊಮ್ಮಕ್ಕಳು ಒಳ್ಳೇದನ್ನ ಕೆಟ್ಟ ಪದದಲ್ಲಿ ಹೇಳ್ತಿದಾರೆ, ದಾರಿ ಒಂದೇ ದಿಕ್ಕು ಬೇರೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು ‘ಹಂಗಾ’ ಅಂದ್ಲು, ಆ ಹಂಗಾದಲ್ಲಿ ಈ ಸಲ ನಂಬಿಕೆ ಇತ್ತು. ಇನ್ನೊಂದು ಉಪಾಯ, ಅವರ ವಯಸ್ಸಿನ ಪದ ಕೊಡಿ. ಬೆಂಕಿ ಅಂದ್ರೆ ನಿಮ್ ಕಾಲದ ಫಸ್ಟ್ ಕ್ಲಾಸ್, ಬೊಂಬಾಟ್. ಡವ್ ಅಂದ್ರೆ ನಾಟಕ. ಕ್ರಿಂಜ್ ಅಂದ್ರೆ ನೋಡೋಕೆ ನಮಗೇ ಒಂಥರಾ ಮುಜುಗರ ಆಗೋದು.

ಪದ ಹುಡುಕೋ ವಿಷಯಕ್ಕೆ ಬಂದ್ರೆ, ಕನ್ನಡ ಸ್ಲ್ಯಾಂಗ್ ಹುಡುಕೋದು ಕಷ್ಟ ಇರೋದಕ್ಕೆ ದೊಡ್ಡ ಕಾರಣ ಅರ್ಧ ಜನ ಅದನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋದು. ಆ ಅಭ್ಯಾಸಕ್ಕೂ ಕಾರಣ ಇತ್ತು, ಹಳೇ ಫೋನುಗಳಲ್ಲಿ ಕನ್ನಡಾನೇ ಬರ್ತಿರ್ಲಿಲ್ಲ, ಬಂದ್ಮೇಲೂ ಒಂದು ಎಸ್ಸೆಮ್ಮೆಸ್‌ಗೆ ಇಂಗ್ಲಿಷಲ್ಲಾದ್ರೆ 160 ಅಕ್ಷರ, ಕನ್ನಡದಲ್ಲಾದ್ರೆ 70, ಅದರಲ್ಲೂ ನಮ್ಮ ಕೊಂಬು, ಒತ್ತು, ದೀರ್ಘ ಎಲ್ಲಾ ಬೇರೆ ಬೇರೆ ಲೆಕ್ಕ, ‘ಸ್ತ್ರೀ’ ಅಂತ ಬರೆದ್ರೆ ಒಂದಲ್ಲ, ಆರು ಹೋಗತ್ತೆ. ದುಡ್ಡು ಕೊಟ್ಟು ಮೆಸೇಜ್ ಕಳಿಸ್ತಿದ್ದ ಕಾಲದಲ್ಲಿ ಯಾರು ತಾನೇ ಕನ್ನಡದಲ್ಲಿ ಬರೀತಾರೆ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿನೂ ಹಲ್ಲಿನೂ ಒಂದೇ, ಕಳ್ಳನೂ ಕಲ್ಲಾಗ್ತಾನೆ. ಅರ್ಥ ಆಗ್ಲಿಲ್ಲ ಅಂದ್ರೆ ಬಾಯ್ಬಿಟ್ಟು ಜೋರಾಗಿ ಓದಿ, ಲ ಇರೋ ಕಡೆ ಳ ಹಾಕಿ, ನ ಇರೋ ಕಡೆ ಣ ಹಾಕಿ, ಗಿಡ್ಡ ಸ್ವರಾನ ಉದ್ದ ಮಾಡಿ ನೋಡಿ, ಎರಡ್ಮೂರು ಸಲಕ್ಕೆ ಸಿಗತ್ತೆ. ಪದದ ಹಳೇ ಅರ್ಥ ಬೇಕಂದ್ರೆ ‘ಅಲರ್’ ಅನ್ನೋ ಆನ್‌ಲೈನ್ ನಿಘಂಟು ನೋಡಿ, ವಿ. ಕೃಷ್ಣ ಅನ್ನೋರು ದಶಕಗಟ್ಟಲೆ ಕೂತು ಕಟ್ಟಿದ್ದನ್ನ ಎಲ್ಲಾರಿಗೂ ಫ್ರೀಯಾಗಿ ಕೊಟ್ಟಿದಾರೆ, ಇನ್ನೂ ಹಿಂದಕ್ಕೆ ಹೋಗ್ಬೇಕಂದ್ರೆ 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟೂ ಸ್ಕ್ಯಾನ್ ಆಗಿ ಸಿಗತ್ತೆ. ಹೊಸ ಅರ್ಥ ಮಾತ್ರ ಅಲ್ಲಿ ಸಿಗಲ್ಲ, ಅದಕ್ಕೆ ಹತ್ತು ಜನ ಬಳಸಿದ್ದನ್ನ ಓದೋದೊಂದೇ ದಾರಿ. ನನ್ನ ಪದ್ಧತಿ, ಹತ್ತು ಸಲ ಓದಿ ಒಂದು ಸಲ ಬಳಸೋದು.

ಕೆಲವು ಪದಕ್ಕೆ ನಿಘಂಟು ಬೇಡ, ತಾರೀಖು ಬೇಕು. ‘ಹುಲಿಯಾ’ ಅನ್ನೋದು 2019ರ ಉಪಚುನಾವಣೆ ಪ್ರಚಾರದಲ್ಲಿ ಸಿದ್ದರಾಮಯ್ಯ ಭಾಷಣ ಮಾಡ್ತಿದ್ದಾಗ ಜನರ ಮಧ್ಯದಿಂದ ಒಬ್ರು ‘ಹೌದು ಹುಲಿಯಾ’ ಅಂತ ಕೂಗಿದ್ರಿಂದ ಹುಟ್ಟಿದ್ದು, ಅದು ಗೊತ್ತಿಲ್ದೆ ಓದಿದ್ರೆ ಕಾಡಿನ ಕಥೆ ಅನ್ಸತ್ತೆ. ನಮ್ಮ ಬೆಂಗಳೂರಿನ ಕ್ರಿಕೆಟ್ ಟೀಮು ಆರ್‌ಸಿಬಿದು ಇನ್ನೂ ಸೂಕ್ಷ್ಮ. ‘ಈ ಸಲ ಕಪ್ ನಮ್ದೇ’ ಅನ್ನೋದ್ರಲ್ಲಿ ಕೊನೇ ಏಕಾರ ಆಸೆ, ವರ್ಷ ವರ್ಷ ಸೋತು ಸೋತು ಬೇರೆ ಟೀಮಿನೋರ ಬಾಯಲ್ಲಿ ಅದೇ ಏಕಾರ ಅಣಕ ಆಯ್ತು, 2024ರ ಮಾರ್ಚಲ್ಲಿ ಹೆಂಗಸರ ಟೀಮು ಗೆದ್ದಾಗ ಸ್ಮೃತಿ ಮಂಧಾನ ಇನ್ನು ಅದು ‘ನಮ್ದು’ ಅಂತ ತಿದ್ದಿ ಹೇಳಿದ್ರು. ಒಂದೇ ಒಂದು ಸ್ವರ ತೆಗೆದ್ರು, ಆಸೆ ಹೋಗಿ ನಿಜ ಆಯ್ತು. ಕನ್ನಡ ಮನೆಮಾತಲ್ಲದ ಹುಡುಗಿ ಅಷ್ಟು ಸರಿಯಾಗಿ ಹಿಡಿದಿದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಮುಟ್ಟಬಾರದ ಪದಗಳೂ ಇವೆ. ಭಕ್ತ ಅನ್ನೋದು 12ನೇ ಶತಮಾನದ ವಚನಕಾರರು ಎಷ್ಟು ಎತ್ತರದಲ್ಲಿಟ್ಟ ಪದ, ಈಗ ಒಂದು ಪಕ್ಷದೋರನ್ನ ಹೀಯಾಳಿಸೋಕೆ ಬಳಸ್ತಾರೆ, ಆ ಕಡೆಯೋರು ಈ ಕಡೆಯೋರಿಗೆ ಗುಲಾಮ ಅಂತಾರೆ, ಬುದ್ಧಿಜೀವಿ ಅನ್ನೋದು ಬೈಗುಳ ಆಗಿದೆ. ‘ಗಂಜಿ ಗಿರಾಕಿ’ ಅನ್ನೋದನ್ನ ಮಾತ್ರ ನನಗೆ ಸಹಿಸೋಕಾಗಲ್ಲ, ಗಂಜಿ ಕುಡಿದು ಬೆಳೆದ ಮನೆ ನಮ್ಮದು, ಬಡವರ ಊಟಾನ ಯಾವ ಪಕ್ಷದೋರಿಗೂ ಬೈಗುಳ ಮಾಡೋದು ಬೇಡ. ಹೆಂಗಸರ ಫೋಟೋ ಕೆಳಗೆ ‘ಆಂಟಿ’, ‘ಫಿಗರ್’ ಬರಿಯೋದೂ ಅಷ್ಟೇ. ತರಕಾರಿ ಅಂಗಡೀಲಿ ಆಂಟಿ ಅನ್ನೋದಕ್ಕೂ ಅಲ್ಲಿ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಬರಿಯೋನಿಗೂ ಗೊತ್ತಿರತ್ತೆ.

ಸಾವಿನ ಸುದ್ದಿ ಕೆಳಗೆ ಸ್ಲ್ಯಾಂಗ್, ಎಮೋಜಿ ಎರಡೂ ಬೇಡ. ಕಣ್ಣೀರು ಬರೋ ಹಂಗೆ ನಗೋ ಮುಖ ಇದ್ಯಲ್ಲ, 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನೋರು ವರ್ಷದ ಪದ ಅಂತ ಆರಿಸಿದ್ದು, ಅದನ್ನ ನಮ್ಮ ದೊಡ್ಡಪ್ಪ ಕಣ್ಣೀರು ಕಂಡು ಅಳೋ ಮುಖ ಅಂದ್ಕೊಂಡು ನೆಂಟರೊಬ್ಬರು ತೀರ್ಕೊಂಡ ಸುದ್ದಿ ಕೆಳಗೆ ಮೂರು ಹಾಕಿದ್ರು. ಯಾರೂ ಅವರಿಗೆ ಹೇಳ್ಲಿಲ್ಲ, ಎಲ್ಲಾ ಒಳಗೊಳಗೇ ಮಾತಾಡ್ಕೊಂಡ್ರು. ಅಂಥ ಹೊತ್ತಲ್ಲಿ ಗ್ರೂಪಲ್ಲಿ ತಿದ್ದಬೇಡಿ, ಪಕ್ಕಕ್ಕೆ ಫೋನ್ ಮಾಡಿ ಮೆಲ್ಲಗೆ ಹೇಳಿ, ಅವರೇ ಅಳಿಸ್ತಾರೆ.

ನಾನೀಗ ಫೋನಲ್ಲಿ ಒಂದು ನೋಟ್ ಇಟ್ಟಿದೀನಿ. ಪದ, ಪಕ್ಕದ ಕ್ರಿಯಾಪದ, ಯಾರು ಯಾರಿಗೆ ಅಂದ್ರು, ಯಾವ ಊರು, ಯಾವಾಗ ಕೇಳ್ದೆ, ಐದೇ ವಿಷಯ. ನೀವೂ ಮಾಡಿ, ಒಂದು ತಿಂಗಳು ಮಾಡಿದ್ರೆ ನಿಮ್ಮ ಮನೇಲೇ ಎಷ್ಟು ಕನ್ನಡ ಇದೆ ಅಂತ ಗೊತ್ತಾಗತ್ತೆ. ಬೆಂಕಿ ಅನ್ನೋದರ ಮುಂದೆ ನನ್ನ ನೋಟಲ್ಲಿ ಎರಡು ಸಾಲಿದೆ. ಮೊದಲ್ನೇದು ಅಕ್ಕನ ಮಗಳು ಅಜ್ಜಿಗೆ, ಗೌರಿ ಹಬ್ಬ. ಎರಡ್ನೇದು ಈ ವರ್ಷ ಯುಗಾದಿದು, ಅಮ್ಮ ಒಬ್ಬಟ್ಟಿನ ಫೋಟೋ ಹಾಕಿದ್ಲು, ಹುಡುಗಿ ‘ಅಜ್ಜಿ ಬೆಂ’ ತನಕ ಬರೆದು ಕಳಿಸ್ಬಿಟ್ಟು, ಅಳಿಸಿ, ‘ಅಜ್ಜಿ ಬೊಂಬಾಟ್’ ಅಂತ ಮತ್ತೆ ಹಾಕಿದಾಳೆ. ಅಮ್ಮ ಅದಕ್ಕೆ, ‘ಮೊದ್ಲು ಬರೆದಿದ್ದೂ ಪರವಾಗಿಲ್ಲ ಮಗಾ’ ಅಂತ ಉತ್ತರ ಬರೆದಿದಾಳೆ.